ಒಂದು ಹಳೆಯ ಕ್ಯಾಮೆರಾದ ಸಹವಾಸದಲ್ಲಿ

ಉಪಕರಣಗಳ ನಡುವೆ ಬಾಳನ್ನು ಕಳೆದವರಿಗೆ ಒಂದು ಸಂಗತಿ ಸ್ವಾನುಭವದಿಂದಲೇ ವೇದ್ಯವಾಗಿರುತ್ತದೆ. ಬಹುಕಾಲ ಬಳಕೆಯಾದ ಯಾವ ಉಪಕರಣವೂ ತನ್ನ ಜಾತಿಯ ಬೇರೊಂದರಂತೆ ಇರುವುದಿಲ್ಲ. ಒಕ್ಕಲಿಗನಿಗೆ ತನ್ನ ಕೂರಿಗೆ ಯಾವ ಕಡೆಗೆ ವಾಲುವುದೆಂಬುದು ಗೊತ್ತು. ನೇಕಾರನಿಗೆ ತನ್ನ ಮಗ್ಗ ಎಲ್ಲಿ ಎಳೆಯನ್ನು ಕಡಿಯುವುದೆಂಬುದು ಗೊತ್ತು. ನಮ್ಮ ತಾಯಂದಿರಿಗೆ ತಮ್ಮ ಹಂಚು ಯಾವ ಅಂಚಿನಲ್ಲಿ ರೊಟ್ಟಿಯನ್ನು ಮೊದಲು ಸೀಯಿಸುವುದೆಂಬುದು ಗೊತ್ತು. ಅವರಾರೂ ಈ ಕಾರಣಕ್ಕಾಗಿ ಕೂರಿಗೆಯನ್ನಾಗಲಿ ಮಗ್ಗವನ್ನಾಗಲಿ ಹಂಚನ್ನಾಗಲಿ ಹೊರಗೆ ಎಸೆಯುವುದಿಲ್ಲ. ಕೈಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತಾರೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನವನ್ನೂ ಗಣಿತವನ್ನೂ ಕಲಿಸಿದ ನನಗೆ ಈ ತಿಳಿವಳಿಕೆಯ ಶಾಸ್ತ್ರೀಯ ರೂಪ ದೊರೆತದ್ದು ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ಸಿನಲ್ಲಿ. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಅದರ ಎರಡು ದವಡೆಗಳನ್ನು ಮುಚ್ಚಿದಾಗ ಎರಡು ಸೊನ್ನೆಗಳು ಎದುರುಬದುರಾಗಿ ನಿಲ್ಲಬೇಕು. ನಿಲ್ಲದೆ ಹೋದರೆ ಆ ವ್ಯತ್ಯಾಸಕ್ಕೆ ಶೂನ್ಯದೋಷವೆಂದು ಹೆಸರು. ಶೂನ್ಯದೋಷವಿರುವ ಉಪಕರಣ ನಿರುಪಯುಕ್ತವಲ್ಲ. ಮೊದಲು ದೋಷವನ್ನು ಅಳೆಯಬೇಕು, ಬಳಿಕ ವಸ್ತುವನ್ನು ಅಳೆಯಬೇಕು, ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆಯಬೇಕು. ಅಳೆದ ದೋಷ ದೋಷವಾಗಿ ಉಳಿಯುವುದಿಲ್ಲ, ಲೆಕ್ಕದ ಒಂದು ಅಂಕಿಯಾಗುತ್ತದೆ. ಈ ಪಾಠ ನಿವೃತ್ತಿಯ ತರುವಾಯ ನನ್ನ ಕೈಗೆ ಬಂದ ಹಳೆಯ ಕ್ಯಾಮೆರಾವೊಂದರ ಸಹವಾಸದಲ್ಲಿ ಹೇಗೆ ಮತ್ತೆ ಎದುರಾಯಿತು, ಕೊನೆಗೆ ನನಗೇ ಹೇಗೆ ಉಪಕಾರ ಮಾಡಿತು ಎಂಬುದನ್ನು ವಾಚಕರ ಮುಂದೆ ಇಡುವುದು ಈ ಬರಹದ ಉದ್ದೇಶ.

2021ರ ಚಳಿಗಾಲದಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಸಮೀಪ ಕ್ಯಾಮೆರಾಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಚಿಕ್ಕ ಅಂಗಡಿಯಲ್ಲಿ ಅದನ್ನು ಕಂಡೆ. ಕಪ್ಪು ಚರ್ಮದ ಚೀಲದೊಳಗೆ ಬೆಳ್ಳಿಯ ಬಣ್ಣದ, ಅಂಗೈಯಗಲದ, ಕೈಗೆ ಭಾರವೆನಿಸುವ ಯಂತ್ರ. ನೆತ್ತಿಯ ಮೇಲೆ ರಷ್ಯನ್ ಲಿಪಿಯಲ್ಲಿ ಕೊರೆದ ಮೂರು ಅಕ್ಷರಗಳು. ಮುಂದೆ 2 ಎಂಬ ಅಂಕಿ. ಅದು 'ಫೆಡ್-2' ಎಂಬ ಮಾದರಿ. ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದ ಎಂಜಿನಿಯರರೊಬ್ಬರ ಮನೆಯವರು ಅದನ್ನು ಅಲ್ಲಿ ಕೊಟ್ಟುಹೋಗಿದ್ದರಂತೆ. ಭಿಲಾಯಿ ಕಾರ್ಖಾನೆಯನ್ನು ಸೋವಿಯೆತ್ ಒಕ್ಕೂಟದ ನೆರವಿನಿಂದ ಕಟ್ಟುವ ಒಪ್ಪಂದವಾದದ್ದು 1955ರಲ್ಲಿ. ಅಲ್ಲಿಯ ಮೊದಲ ಊದುಕುಲುಮೆ ಹೊತ್ತಿದ್ದು 1959ರಲ್ಲಿ. ಆ ದೇಶಕ್ಕೂ ನಮ್ಮ ಎಂಜಿನಿಯರರಿಗೂ ಇದ್ದ ಆ ಕಾಲದ ಒಡನಾಟವನ್ನು ನೆನೆದರೆ ಇಂಥದೊಂದು ಕ್ಯಾಮೆರಾ ಹುಬ್ಬಳ್ಳಿಯವರೆಗೆ ಬಂದದ್ದು ಆಶ್ಚರ್ಯದ ಮಾತಲ್ಲ.

"ಕಾಕಾ, ಇದು ಕೆಲಸ ಮಾಡತೈತೇನ್ರಿ?" ಎಂದು ಕೇಳಿದೆ.

"ಮಾಡತೈತ್ರಿ ಮಾಸ್ತರ. ಆದರ ಅದರ ರೂಢಿ ಬ್ಯಾರೆ ಐತಿ. ನೀವು ಅದರ ರೂಢಿಗೆ ಹೊಂದಿಕೊಂಡರ ನಡೀತೈತಿ; ಅದು ನಿಮ್ಮ ರೂಢಿಗೆ ಬರಲಿ ಅಂದರ ನಡೆಯಂಗಿಲ್ಲ" ಎಂದರು ಅವರು.

ವಿದ್ಯಾರ್ಥಿಗಳ ವಿಷಯದಲ್ಲಿ ಹಿರಿಯ ಶಿಕ್ಷಕರು ಹೊಸಬರಿಗೆ ಹೇಳುವ ಮಾತೂ ಇದೇ ಅಲ್ಲವೇ ಎಂದುಕೊಂಡು ಅವರು ಕೇಳಿದ ಹಣ ಕೊಟ್ಟು ಅದನ್ನು ಧಾರವಾಡದ ನನ್ನ ಮನೆಗೆ ತಂದೆ.

ಮೊದಲು ಈ ಯಂತ್ರದ ವಂಶವೃತ್ತಾಂತವನ್ನು ಕೊಂಚ ಹೇಳಬೇಕು. ಶಿಕ್ಷಣದಲ್ಲಿ ಆಸಕ್ತಿಯುಳ್ಳವರಿಗೆ ಅದು ಬೇಸರ ತರಲಾರದೆಂದು ನಂಬಿದ್ದೇನೆ. ಚಲನಚಿತ್ರಕ್ಕೆ ಬಳಸುವ 35 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಚಿಕ್ಕ ನೆಗೆಟಿವ್‌ಗಳನ್ನು ಮೂಡಿಸಿ, ಅವುಗಳಿಂದ ದೊಡ್ಡ ಚಿತ್ರಗಳನ್ನು ಪಡೆಯಬಹುದೆಂದು ತೋರಿಸಿದವನು ಜರ್ಮನಿಯ ವೆಟ್ಸ್‌ಲರ್ ಊರಿನ ಲೈಟ್ಸ್ ಸಂಸ್ಥೆಯಲ್ಲಿದ್ದ ಆಸ್ಕರ್ ಬಾರ್ನಾಕ್. ಅವನು ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಲೋಕಕ್ಕೆ ಪರಿಚಯವಾಯಿತು. 1932ರಲ್ಲಿ ಬಂದ ಎರಡನೆಯ ಲೈಕಾದಲ್ಲಿ ದೂರವನ್ನು ಅಳೆಯುವ ರೇಂಜ್‌ಫೈಂಡರನ್ನು ಲೆನ್ಸಿಗೇ ಜೋಡಿಸಿದ್ದರು. ಅದರ ಮಾದರಿಯನ್ನು ಅನುಸರಿಸಿ ಕ್ಯಾಮೆರಾ ತಯಾರಿಸಲು ತೊಡಗಿದವರಲ್ಲಿ ಮೊದಲಿಗರು ಯಾವ ದೊಡ್ಡ ಕಾರ್ಖಾನೆಯ ಒಡೆಯರೂ ಅಲ್ಲ. ಇಂದು ಉಕ್ರೇನಿನಲ್ಲಿರುವ ಖಾರ್ಕಿವ್ ನಗರದ ಅನಾಥ ಬಾಲಕ ಬಾಲಕಿಯರು.

ಕ್ರಾಂತಿ, ಅಂತರ್ಯುದ್ಧ, ಕ್ಷಾಮಗಳ ತರುವಾಯ ಆ ದೇಶದಲ್ಲಿ ಲಕ್ಷಾಂತರ ಮಕ್ಕಳು ಮನೆಮಾರಿಲ್ಲದೆ ಬೀದಿಪಾಲಾಗಿದ್ದರು. ಅಂಥವರಿಗಾಗಿ 1927ರ ಕೊನೆಯಲ್ಲಿ ಖಾರ್ಕಿವ್ ಬಳಿ ಒಂದು ವಸತಿಶಾಲೆ ತೆರೆಯಿತು. ಅದನ್ನು ನಡೆಸಿದವನು ಆಂಟನ್ ಮಕರೆಂಕೊ (1888–1939) ಎಂಬ ಶಿಕ್ಷಕ. ಅರ್ಧ ದಿನ ಓದು, ಅರ್ಧ ದಿನ ಕೆಲಸ ಎಂಬುದು ಅಲ್ಲಿಯ ಕ್ರಮ. ಮಕ್ಕಳು ಮೊದಲು ಮರಗೆಲಸ ಹೊಲಿಗೆಗಳನ್ನು ಮಾಡಿದರು, ಬಳಿಕ ವಿದ್ಯುತ್ ಕೊರೆಯಂತ್ರಗಳನ್ನು ತಯಾರಿಸಿದರು, 1934ರಿಂದ ಕ್ರಮವಾಗಿ ಕ್ಯಾಮೆರಾ ತಯಾರಿಕೆಗೆ ಇಳಿದರು. ಆ ದುಡಿಮೆಯ ಗಳಿಕೆಯಿಂದಲೇ ಸಂಸ್ಥೆ ತನ್ನ ವೆಚ್ಚವನ್ನು ತೂಗಿಸಿಕೊಂಡಿತು. ಆ ಸಂಸ್ಥೆಗೆ ಇಟ್ಟಿದ್ದ ಹೆಸರು ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್ಸ್ಕಿಯದು. ಅವನ ಹೆಸರಿನ ಮೂರು ಮೊದಲಕ್ಷರಗಳೇ 'ಫೆಡ್'. ಸೋವಿಯೆತ್ ಗುಪ್ತ ಪೊಲೀಸ್ ಪಡೆಯ ಸ್ಥಾಪಕನಾಗಿ ಜನರಲ್ಲಿ ಭೀತಿ ಹುಟ್ಟಿಸಿದ್ದವನ ಹೆಸರು, ಬೀದಿಯ ಮಕ್ಕಳ ಬೆರಳುಗಳಿಂದ ಮೂಡಿದ ಇಷ್ಟು ನವುರಾದ ವಸ್ತುವಿನ ಮೇಲೆ ಕುಳಿತಿರುವುದು ಇತಿಹಾಸದ ವಿಚಿತ್ರಗಳಲ್ಲೊಂದು. ಮುಂದೆ ಅದು ಪೂರ್ಣ ಪ್ರಮಾಣದ ಕಾರ್ಖಾನೆಯಾಯಿತು. ನನ್ನಲ್ಲಿರುವ ಎರಡನೆಯ ಮಾದರಿ ತಯಾರಾಗುತ್ತಿದ್ದುದು 1955ರಿಂದ 1970ರವರೆಗೆ. ಆದುದರಿಂದ ಅದನ್ನು ಜೋಡಿಸಿದವರು ಆ ಅನಾಥ ಮಕ್ಕಳಲ್ಲ, ಅವರು ಹಾಕಿದ ಪಂಕ್ತಿಯಲ್ಲಿ ಬಂದ ಕೆಲಸಗಾರರು. ಕ್ಯಾಮೆರಾ ತಯಾರಿಕೆ ಅಲ್ಲಿ ನಿಂತುಹೋಗಿ ಎಷ್ಟೋ ವರ್ಷಗಳಾದವು. 2022ರಲ್ಲಿ ಆ ನಗರದ ಮೇಲೆ ಬಾಂಬುಗಳು ಬೀಳತೊಡಗಿದ ಸುದ್ದಿಯನ್ನು ಓದಿದ ದಿನ ನಾನು ಈ ಕ್ಯಾಮೆರಾವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇನ್ನು ರೇಂಜ್‌ಫೈಂಡರಿನ ತತ್ತ್ವ. ಈಗಿನ ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಯುವ ಮಕ್ಕಳಿಗೆ ದೂರವನ್ನು ತಾವೇ ಹೊಂದಿಸಬೇಕೆಂಬ ಕಲ್ಪನೆಯೇ ಇರುವುದಿಲ್ಲ. ಈ ಕ್ಯಾಮೆರಾದ ಮುಖದ ಮೇಲೆ ಲೆನ್ಸಿನಿಂದ ಬೇರೆಯಾಗಿ ಎರಡು ಸಣ್ಣ ಕಿಟಕಿಗಳಿವೆ. ಹಿಂದಿನಿಂದ ಕಣ್ಣಿಟ್ಟು ನೋಡಿದರೆ ಒಂದು ಕಿಟಕಿಯ ನೋಟದ ನಡುವೆ ಇನ್ನೊಂದು ಕಿಟಕಿಯಿಂದ ಬಂದ ಬಿಂಬ ಒಂದು ಚಿಕ್ಕ ಹಳದಿ ಮಚ್ಚೆಯಂತೆ ಬಿದ್ದಿರುತ್ತದೆ. ಎದುರಿನ ಕಂಬ ಎರಡಾಗಿ ಕಾಣುತ್ತದೆ. ಲೆನ್ಸನ್ನು ತಿರುಗಿಸುತ್ತ ಹೋದಂತೆ ಎರಡು ಕಂಬಗಳು ಒಂದನ್ನೊಂದು ಸಮೀಪಿಸಿ ಕೊನೆಗೆ ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಆ ಕಂಬ ಫಿಲ್ಮಿನ ಮೇಲೆ ಸ್ಫುಟವಾಗಿ ಮೂಡುತ್ತದೆ.

ಇದು ಶುದ್ಧ ತ್ರಿಕೋನಮಿತಿ. ಒಂದು ಆಧಾರರೇಖೆ, ಅದರ ತುದಿಗಳಲ್ಲಿ ಕೋನ. ಇಷ್ಟು ತಿಳಿದರೆ ದೂರ ತಿಳಿಯಿತು. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಸುಮಾರು 7.5 ಮೈಲಿಯ ಆಧಾರರೇಖೆಯನ್ನು ಸರಪಣಿಯಿಂದ ಅಳೆದು ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಆರಂಭಿಸಿದ್ದು ಇದೇ ತತ್ತ್ವದ ಮೇಲೆ. ನನ್ನ ಕ್ಯಾಮೆರಾದ ಆಧಾರರೇಖೆ, ಅಂದರೆ ಆ ಎರಡು ಕಿಟಕಿಗಳ ನಡುವಣ ಅಂತರ, 67 ಮಿಲಿಮೀಟರ್. ವಸ್ತು 1 ಮೀಟರ್ ದೂರದಲ್ಲಿದ್ದರೆ ಎರಡು ದೃಷ್ಟಿರೇಖೆಗಳ ನಡುವಣ ಕೋನ ಸುಮಾರು 3.8 ಡಿಗ್ರಿ, 10 ಮೀಟರ್ ದೂರದಲ್ಲಿದ್ದರೆ ಅದರ ಹತ್ತನೆಯ ಒಂದು ಪಾಲು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ವಯಸ್ಕ ಮನುಷ್ಯನ ಎರಡು ಕಣ್ಣುಪಾಪೆಗಳ ನಡುವಣ ಅಂತರವೂ ಸರಾಸರಿ 63 ಮಿಲಿಮೀಟರಿನಷ್ಟೇ. ಮನುಷ್ಯನ ಎರಡು ಕಣ್ಣುಗಳು ಮಾಡುವ ಕೆಲಸವನ್ನು ಈ ಯಂತ್ರ ಹೆಚ್ಚು ಕಡಿಮೆ ಅಷ್ಟೇ ಅಗಲದ ಎರಡು ಕಿಟಕಿಗಳಿಂದ ಮಾಡಿ, ಫಲಿತಾಂಶವನ್ನು ನಮ್ಮ ಒಂದೇ ಕಣ್ಣಿಗೆ ಒಪ್ಪಿಸುತ್ತದೆ. 'ಒಂದೇ ಕಣ್ಣಿಗೆ' ಎಂಬ ಈ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಕ್ಯಾಮೆರಾ ಮನೆಗೆ ಬಂದ ಮಾರನೆಯ ದಿನ ನೂರು ಪುಟದ ಒಂದು ನೋಟುಬುಕ್ಕನ್ನು ತಂದೆ. ಇಂದಿಗೂ 36 ಚಿತ್ರಗಳ ಕಪ್ಪು-ಬಿಳುಪು ರೋಲುಗಳು ದೊರೆಯುತ್ತವೆ. ನಮ್ಮ ಉದಕಮಂಡಲದಲ್ಲಿ ತಯಾರಾಗುತ್ತಿದ್ದ 'ಇಂದು' ಫಿಲ್ಮ್ ಈಗಿಲ್ಲ. ಹೊರದೇಶಗಳಿಂದ ಬರುವ ರೋಲು ದುಬಾರಿ. ಆದುದರಿಂದ ಒಂದು ಚಿತ್ರವೂ ವ್ಯರ್ಥವಾಗಬಾರದೆಂದು ಪ್ರತಿಯೊಂದರ ಕ್ರಮಾಂಕ, ಹೊತ್ತು, ಬೆಳಕಿನ ಸ್ಥಿತಿ, ಲೆನ್ಸಿನ ರಂಧ್ರದ ಅಳತೆ, ಷಟರಿನ ವೇಗ, ಅಳತೆಪಟ್ಟಿ ಹಿಡಿದು ಅಳೆದ ದೂರ ಇವೆಲ್ಲವನ್ನೂ ಬರೆದಿಡತೊಡಗಿದೆ. ನಿಯಮ ಒಂದೇ: ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು, ಉಳಿದುದೆಲ್ಲ ಇದ್ದಂತೆಯೇ ಇರಬೇಕು. ಒಂಬತ್ತನೆಯ ಇಯತ್ತೆಯ ಪ್ರಯೋಗಕ್ಕೂ ಇದೇ ನಿಯಮ. ನನ್ನ ಪ್ರಯೋಗಕ್ಕೂ ಅದೇ ಸಾಕಾಯಿತು.

ಹೀಗೆ ಎಂಟು ರೋಲುಗಳು ಮುಗಿಯುವ ಹೊತ್ತಿಗೆ ಯಂತ್ರದ ಸ್ವಭಾವ ಬಯಲಾಯಿತು. ಅದರಲ್ಲಿ ಕೆಲವು ರಚನೆಗೇ ಸೇರಿದ ರೂಢಿಗಳು. ಕೆಲವು ಅರವತ್ತು ವರ್ಷದ ಮುಪ್ಪಿನಿಂದ ಬಂದ ದೌರ್ಬಲ್ಯಗಳು.

ರಚನೆಗೆ ಸೇರಿದವುಗಳಲ್ಲಿ ಮೊದಲನೆಯದು ವೇಗದ ಗುಂಡಿಯದು. ಷಟರಿನ ವೇಗವನ್ನು ಸೂಚಿಸುವ ಅಂಕಿಗಳು ಫಿಲ್ಮನ್ನು ಸುತ್ತಿದ ಬಳಿಕವಷ್ಟೇ ನಿಜ ಹೇಳುತ್ತವೆ. ಷಟರ್ ಬಿದ್ದಾಗ ಗುಂಡಿಯೂ ತಿರುಗಿ ಬೇರೆ ಎಲ್ಲಿಯೋ ನಿಂತಿರುತ್ತದೆ. ಆದುದರಿಂದ ಮೊದಲು ಸುತ್ತಬೇಕು, ಬಳಿಕ ವೇಗವನ್ನು ಹೊಂದಿಸಬೇಕು. ಈ ಕ್ರಮ ತಪ್ಪಿದರೆ ಒಳಗಿನ ಹಲ್ಲುಗಾಲಿಗಳಿಗೆ ಅಪಾಯವೆಂದು ಅಂಗಡಿಯ ಕಾಕಾ ಮೊದಲ ದಿನವೇ ಎಚ್ಚರಿಸಿದ್ದರು. ಎರಡನೆಯದು ನೋಟದ ಕಿಟಕಿಯದು. ಅದು ಲೆನ್ಸಿಗಿಂತ ಮೇಲೆಯೂ ಒಂದು ಬದಿಗೂ ಇರುವುದರಿಂದ ಕಣ್ಣು ಕಂಡದ್ದೂ ಲೆನ್ಸು ಕಂಡದ್ದೂ ಒಂದೇ ಅಲ್ಲ. ದೂರದ ಗುಡ್ಡಕ್ಕೆ ಇದರಿಂದ ಬಾಧೆಯಿಲ್ಲ. ಒಂದು ಮೀಟರಿನಲ್ಲಿ ಕುಳಿತ ಮೊಮ್ಮಗಳ ತಲೆಗೆ ಮಾತ್ರ ಬಾಧೆಯುಂಟು. ಹತ್ತಿರದ ಚಿತ್ರದಲ್ಲಿ ತಲೆಯ ಮೇಲೆ ನಾಲ್ಕು ಬೆರಳಷ್ಟು ಹೆಚ್ಚು ಜಾಗ ಬಿಡಬೇಕು. ಮೂರನೆಯದು, ಇದರಲ್ಲಿ ಬೆಳಕನ್ನು ಅಳೆಯುವ ಮೀಟರಿಲ್ಲ. 125 ವೇಗದ ಫಿಲ್ಮಿಗೆ ನೆತ್ತಿಯ ಬಿಸಿಲಿನಲ್ಲಿ ರಂಧ್ರ 11, ಸೆಕೆಂಡಿನ 250ನೆಯ ಒಂದು ಪಾಲು, ತೆಳುಮೋಡಕ್ಕೆ 8, ಧಾರವಾಡದ ಜಿಟಿಜಿಟಿ ಮಳೆಯ ದಿನಕ್ಕೆ 4. ಈ ಲೆಕ್ಕ ಆರು ತಿಂಗಳಲ್ಲಿ ಬಾಯಿಪಾಠವಾಗಿ, ಅಂಗಳಕ್ಕೆ ಕಾಲಿಡುವಾಗಲೇ ನೆರಳಿನ ಅಂಚನ್ನು ನೋಡಿ ಅಂಕಿ ಹೇಳುವ ಅಭ್ಯಾಸ ನನಗೆ ಬಂದುಬಿಟ್ಟಿತು.

ಮುಪ್ಪಿನ ದೌರ್ಬಲ್ಯಗಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಮಸಿಯಿಂದ ಬರೆದಿದ್ದೇನೆ. ಒಂದು: ವಾರವಿಡೀ ಸುಮ್ಮನಿದ್ದರೆ ಷಟರಿನ ಮೊದಲ ಹೊಡೆತ ಜಡವಾಗಿರುತ್ತದೆ, ಒಳಗಿನ ಹಳೆಯ ಗ್ರೀಸು ಚಳಿಗೆ ಗಟ್ಟಿಯಾಗುವುದೇ ಕಾರಣ. ಫಿಲ್ಮ್ ಹಾಕುವ ಮುನ್ನ ಹತ್ತು ಸಲ ಬರಿದೇ ಹೊಡೆದರೆ ಸರಿಹೋಗುತ್ತದೆ. ಎರಡು: ಸೆಕೆಂಡಿನ 500ನೆಯ ಒಂದು ಪಾಲಿನ ವೇಗದಲ್ಲಿ ಚಿತ್ರದ ಒಂದು ಬದಿ ಕತ್ತಲಾಗುತ್ತದೆ. ಷಟರಿನಲ್ಲಿ ಒಂದರ ಹಿಂದೊಂದು ಓಡುವ ಎರಡು ಬಟ್ಟೆಯ ಪರದೆಗಳಿವೆ. ಅತಿವೇಗದಲ್ಲಿ ಹಿಂದಿನದು ಮುಂದಿನದನ್ನು ದಾರಿಯಲ್ಲಿಯೇ ಹಿಡಿದುಬಿಡುತ್ತದೆ. ಆದುದರಿಂದ ಆ ವೇಗವನ್ನು ಬಳಸುವಂತಿಲ್ಲ. ಮೂರು: ಆ ಪರದೆಗಳ ರಬ್ಬರಿನ ಲೇಪ ಒಂದೆಡೆ ಬಿರಿದು ಸೂಜಿಮೊನೆಯಷ್ಟು ರಂಧ್ರವಾಗಿತ್ತು. ಲೆನ್ಸನ್ನು ಬಿಚ್ಚಿ ಕತ್ತಲ ಕೋಣೆಯಲ್ಲಿ ಹಿಂದಿನಿಂದ ದೀಪ ಹಿಡಿದಾಗ ಅದು ನಕ್ಷತ್ರದಂತೆ ಹೊಳೆಯಿತು. ಕಾಕಾ ಅದಕ್ಕೆ ಕಪ್ಪು ಬಣ್ಣದ ತೆಳುಲೇಪ ಹಚ್ಚಿಕೊಟ್ಟರು. ನಾಲ್ಕು: ಎರಡು ಚಿತ್ರಗಳ ನಡುವಣ ಜಾಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ರೋಲಿನಲ್ಲಿ 36ರ ಬದಲು 35ನ್ನೇ ಲೆಕ್ಕಕ್ಕೆ ಹಿಡಿಯಬೇಕು. ಐದು: ಎರಡು ಮೀಟರಿನಲ್ಲಿ ಬಿಂಬಗಳು ಒಂದಾದರೂ ಸ್ಫುಟತೆ ಒಂದು ಗೇಣು ಹಿಂದೆ ಬೀಳುತ್ತದೆ. ಓರೆಯಾಗಿ ಹಾಸಿದ ಅಳತೆಪಟ್ಟಿಯ ಚಿತ್ರ ತೆಗೆದು ಇದನ್ನು ಖಚಿತಪಡಿಸಿಕೊಂಡೆ. ಆದುದರಿಂದ ಬಿಂಬಗಳು ಕೂಡಿದ ಮೇಲೆ ಮುಖವನ್ನು ಕೊಂಚ ಹಿಂದಕ್ಕೆ ಸರಿಸಬೇಕು. ಆರು: ಎರಡನೆಯ ಬಿಂಬ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಏಳು: ಆ ಬಿಂಬ ಮಸುಕು, ಮಟಮಟ ಮಧ್ಯಾಹ್ನದಲ್ಲಿ ಅದನ್ನು ಹುಡುಕಬೇಕಾಗುತ್ತದೆ. ಮುಂದಿನ ಕಿಟಕಿಯ ನಡುವೆ ಸುಟ್ಟ ಫಿಲ್ಮಿನ ಚಿಕ್ಕ ಚೂರೊಂದನ್ನು ಅಂಟಿಸಿದ ಮೇಲೆ ಅದು ಎದ್ದು ಕಾಣತೊಡಗಿತು.

ಏಳೇ ದೋಷಗಳು. ಇವುಗಳಲ್ಲಿ ಯಾವುದೂ ಚಂಚಲವಲ್ಲ ಎಂಬುದು ನನಗೆ ಸಂತೋಷ ತಂದ ಸಂಗತಿ. ಇಂದು ಹಿಂದೆ, ನಾಳೆ ಮುಂದೆ ಎಂದು ಆಡುವ ಉಪಕರಣವನ್ನು ನಂಬುವುದು ಅಸಾಧ್ಯ. ಸದಾ ಒಂದು ಗೇಣು ಹಿಂದೆ ಬೀಳುವ ಉಪಕರಣವನ್ನು ಮಾತ್ರ ನಿಶ್ಚಿಂತೆಯಿಂದ ನಂಬಬಹುದು. ತರಗತಿಯಲ್ಲಿಯೂ ಹಾಗೆಯೇ. ಪ್ರತಿ ಲೆಕ್ಕದಲ್ಲಿಯೂ ಋಣಚಿಹ್ನೆಯನ್ನು ಬಿಡುವ ಹುಡುಗನನ್ನು ತಿದ್ದುವುದು ಸುಲಭ. ಎಲ್ಲಿ ಎಡವುತ್ತಾನೆಂದು ಹೇಳಲಾಗದ ಹುಡುಗನೊಡನೆ ಹೆಚ್ಚು ಹೊತ್ತು ಕುಳಿತುಕೊಳ್ಳಬೇಕು. ಅವನ ಎಡವಿನಲ್ಲಿಯೂ ಒಂದು ಕ್ರಮವಿರುತ್ತದೆ, ಅದು ಕಾಣುವವರೆಗೆ ಕುಳಿತುಕೊಳ್ಳಬೇಕು.

ಮನೆಯ ಎದುರಿನ ಬೀದಿಯಲ್ಲಿ ನಲವತ್ತು ಹೆಜ್ಜೆ ದೂರದಲ್ಲಿ ಒಂದು ವಿದ್ಯುತ್ ಕಂಬವಿದೆ. ರೇಂಜ್‌ಫೈಂಡರಿನ ಕಿಟಕಿಗಳು ಅಕ್ಕಪಕ್ಕದಲ್ಲಿರುವುದರಿಂದ ಬಿಂಬಗಳ ವ್ಯತ್ಯಾಸ ನೆಟ್ಟಗೆ ನಿಂತ ಗೆರೆಗಳಲ್ಲಿಯೇ ಚೆನ್ನಾಗಿ ಕಾಣುತ್ತದೆ. ಆದುದರಿಂದ ದಿನವೂ ಬೆಳಗಿನ ಚಹಾ ಆದ ಬಳಿಕ ಜಗುಲಿಯ ಮೇಲೆ ಕುಳಿತು ಆ ಕಂಬವನ್ನು ನೋಡಿ ಎರಡು ಬಿಂಬಗಳನ್ನು ಒಂದುಗೂಡಿಸುವುದು ನನ್ನ ನಿತ್ಯದ ಅಭ್ಯಾಸವಾಯಿತು. ಫಿಲ್ಮ್ ಇರಲಿ, ಇಲ್ಲದಿರಲಿ, ವೀಣೆಯವರು ಶ್ರುತಿ ನೋಡಿಕೊಳ್ಳುವಂತೆ ಇದೊಂದು ಕ್ರಮ.

2023ರ ಶ್ರಾವಣದ ಒಂದು ಬೆಳಗ್ಗೆ ಎರಡು ಬಿಂಬಗಳೂ ಎಂದಿನಂತೆ ಕೂಡಿದವು. ಆದರೆ ಕೂಡಿದ ಕಂಬ ನೆಟ್ಟಗಿರಲಿಲ್ಲ. ನಡುವೆ, ಸರಿಯಾಗಿ ನಾನು ದಿಟ್ಟಿಸುವ ಜಾಗದಲ್ಲಿ, ಸಣ್ಣಗೆ ಬಾಗಿತ್ತು. ಬಿಸಿಯಾದ ಮೇಣದಬತ್ತಿ ಬಾಗುವಂತೆ.

ಕೆಂಪು ಮಸಿಯ ಪುಟವನ್ನು ತೆರೆದೆ. ಏಳು ದೋಷಗಳಲ್ಲಿ ಇದಿರಲಿಲ್ಲ. ಹೊಸ ದೋಷವೆಂದರೆ ಹೊಸ ಪರೀಕ್ಷೆ. ಮೊದಲ ಸಂಶಯ ಕಿಟಕಿಯ ಗಾಜಿನ ಮೇಲೆ. ಮಳೆಗಾಲದ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುವುದುಂಟು. ಟಾರ್ಚ್ ಹಿಡಿದು ನೋಡಿದೆ, ಗಾಜು ನಿರ್ಮಲವಾಗಿತ್ತು. ಹಿಂದಿನ ದಿನದ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದೆ. ಅದರಲ್ಲಿ ಕಂಬ ನೆಟ್ಟಗಿತ್ತು. ಆದರೆ ಇದು ಸಾಕ್ಷಿಯಾಗಲಾರದು. ನೆಗೆಟಿವ್ ಮೂಡುವುದು ಲೆನ್ಸಿನಿಂದ, ನಾನು ನೋಡುವುದು ಕಿಟಕಿಯಿಂದ. ಒಂದರ ಶುದ್ಧಿ ಇನ್ನೊಂದರ ಶುದ್ಧಿಯನ್ನು ಸಾಧಿಸುವುದಿಲ್ಲ. ಆಗ ಕ್ಯಾಮೆರಾವನ್ನು ಕಾಲು ಸುತ್ತು ತಿರುಗಿಸಿ ಉದ್ದಕ್ಕೆ ಹಿಡಿದು ಅದೇ ಕಂಬವನ್ನು ನೋಡಿದೆ. ಬಾಗು ಕಿಟಕಿಯ ಗಾಜಿನದಾಗಿದ್ದರೆ ಗಾಜು ತಿರುಗಿದಂತೆ ಅದೂ ತಿರುಗಬೇಕಾಗಿತ್ತು. ತಿರುಗಲಿಲ್ಲ, ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ ಇತ್ತು. ಉಳಿದದ್ದು ಒಂದೇ ಪರೀಕ್ಷೆ. ಬಲಗಣ್ಣಿನಿಂದ ತೆಗೆದು ಎಡಗಣ್ಣಿಗೆ ಕ್ಯಾಮೆರಾವನ್ನು ಹಚ್ಚಿದೆ. ಕಂಬ ಬಾಣದಂತೆ ನೆಟ್ಟಗಿತ್ತು.

ಕ್ಯಾಮೆರಾವನ್ನು ಕೆಳಗಿಟ್ಟು ಎರಡು ಕಣ್ಣುಗಳಿಂದ ಬಾಗಿಲ ಚೌಕಟ್ಟನ್ನು ನೋಡಿದೆ. ಯಾವ ವಿಕಾರವೂ ಕಾಣಲಿಲ್ಲ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡೆ. ಚೌಕಟ್ಟು ನಡುವೆ ಬಾಗಿತು. ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಾಗಿರಲಿಲ್ಲ. ಒಳಗೆ ಕುಳಿತು ಸೊಪ್ಪು ಸೋಸುತ್ತಿದ್ದ ನನ್ನವಳಿಗೆ ವಿಷಯ ತಿಳಿಸಿದೆ. "ನಿನ್ನೆ ರಾತ್ರಿ ಸಹ ಪೇಪರ್ ಓದಿದ್ರಲ್ರಿ, ಕಣ್ಣಿಗೆ ಏನಾಗೇತಿ?" ಎಂದಳು. ಪ್ರಶ್ನೆ ಸಹಜವಾಗಿಯೇ ಇತ್ತು. ಎರಡು ಕಣ್ಣು ತೆರೆದು ಓದುವವನಿಗೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ತುಂಬಿಕೊಡುತ್ತದೆ. ಮನಸ್ಸು ಎರಡನ್ನೂ ಸೇರಿಸಿ ಒಂದು ಚೊಕ್ಕ ಚಿತ್ರವನ್ನು ಮುಂದಿಡುತ್ತದೆ. ಪ್ರಕೃತಿಯ ಈ ಉಪಕಾರವೇ ಕೆಲವೊಮ್ಮೆ ಅಪಾಯಕ್ಕೆ ದಾರಿಯಾಗುತ್ತದೆ.

ಅಂದೇ ಮಧ್ಯಾಹ್ನ ನೇತ್ರವೈದ್ಯರನ್ನು ಕಂಡೆ. ಅವರು ನನ್ನ ಕೈಗೆ ಮೊದಲು ಕೊಟ್ಟದ್ದು ಒಂದು ಕಾಗದ. ಅದರ ಮೇಲೆ ಹತ್ತು ಸೆಂಟಿಮೀಟರಿನ ಚೌಕ, ಒಳಗೆ ಐದು ಮಿಲಿಮೀಟರಿನ ಮನೆಗಳು, ನಡುವೆ ಒಂದು ಚುಕ್ಕೆ. ಗಣಿತದ ಮಾಸ್ತರನಿಗೆ ಇದಕ್ಕಿಂತ ಪರಿಚಿತವಾದ ಕಾಗದವಿಲ್ಲ! ಸ್ವಿಟ್ಜರ್ಲೆಂಡಿನ ನೇತ್ರತಜ್ಞ ಮಾರ್ಕ್ ಆಮ್ಸ್ಲರ್ ರೂಢಿಗೆ ತಂದ ಪರೀಕ್ಷೆ ಅದು. ಬಲಗಣ್ಣಿಗೆ ನಡುವಣ ಗೆರೆಗಳು ಅಲೆಯಾಗಿ ಕಂಡವು. ಕಣ್ಣಿನ ಹಿಂಬದಿಯ ಅಕ್ಷಿಪಟದ ನಡುಭಾಗದಲ್ಲಿ, ಓದಲು, ಮುಖ ಗುರುತಿಸಲು ಬೇಕಾದ ಸೂಕ್ಷ್ಮ ದೃಷ್ಟಿಯ ನೆಲೆಯಲ್ಲಿ, ವಯಸ್ಸಿನೊಡನೆ ಬರುವ ಸವೆತವಿದು. ಅದರ ಕೆಳಗೆ ಬೇಡದ ಹೊಸ ರಕ್ತನಾಳಗಳು ಹುಟ್ಟಿ, ಅವುಗಳಿಂದ ದ್ರವ ಜಿನುಗಿ ಅಕ್ಷಿಪಟವನ್ನು ಉಬ್ಬಿಸಿದೆ. ಆದುದರಿಂದಲೇ ಗೆರೆ ಬಾಗಿ ಕಾಣುತ್ತದೆ ಎಂದು ವಿವರಿಸಿದರು. ಬಿಟ್ಟರೆ ಕಲೆಗಟ್ಟಿ ನಡುದೃಷ್ಟಿ ಹೋಗುತ್ತದೆ. ಬೇಗ ಬಂದವರಿಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಟ್ಟು ಅದನ್ನು ತಡೆಯಬಹುದು ಎಂದರು.

"ಎರಡೂ ಕಣ್ಣು ತೆರೆದಾಗ ಏನೂ ತಿಳಿಯುವುದಿಲ್ಲ. ಬಹಳ ಜನ ನಡುವೆ ಕತ್ತಲಾದ ಮೇಲೆ ಬರುತ್ತಾರೆ. ತಾವು ಇಷ್ಟು ಮೊದಲೇ ಹೇಗೆ ಗುರುತಿಸಿದಿರಿ, ಸರ್?" ಎಂದು ಆ ತರುಣ ವೈದ್ಯರು ಕೇಳಿದರು. ಚೀಲದಿಂದ ಕ್ಯಾಮೆರಾವನ್ನು ತೆಗೆದು ಮೇಜಿನ ಮೇಲಿಟ್ಟೆ. ಅವರು ಅದಕ್ಕೆ ಕಣ್ಣು ಹಚ್ಚಿ ಗೋಡೆಯ ಗಡಿಯಾರದ ಎರಡು ಬಿಂಬಗಳನ್ನು ಕೂಡಿಸಲು ಐದು ನಿಮಿಷ ತೊಡಗಿದ್ದರು. ಹೊರಗೆ ಸರದಿಯಲ್ಲಿ ಕುಳಿತವರ ನೆನಪು ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ತಿಂಗಳಿಗೊಂದರಂತೆ ಮೊದಲು ಮೂರು ಚುಚ್ಚುಮದ್ದುಗಳಾದವು; ಬಳಿಕ ಅಂತರ ಹೆಚ್ಚಿಸುತ್ತ ಮುಂದುವರಿಸಿದರು. ಕಣ್ಣಿಗೆ ಸೂಜಿಯೆಂದರೆ ಎದೆ ನಡುಗುತ್ತದೆ. ಆದರೆ ಮರಗಟ್ಟಿಸುವ ಹನಿ ಹಾಕಿದ ಬಳಿಕ ಆಗುವ ನೋವು ಇರುವೆ ಕಚ್ಚಿದಷ್ಟೇ. ದ್ರವ ಇಂಗಿದೆ. ಬಲಗಣ್ಣಿನಲ್ಲಿ ಕಂಬದ ಬಾಗು ಪೂರ್ಣವಾಗಿ ಹೋಗಿಲ್ಲ. ಹೋಗಲಾರದೆಂದೂ ವೈದ್ಯರು ಮೊದಲೇ ಹೇಳಿದ್ದರು. ಆದರೆ ಅದು ಬೆಳೆದಿಲ್ಲ. ಇಂದಿಗೂ ಆ ಕಣ್ಣೊಂದರಿಂದಲೇ ದೊಡ್ಡ ಅಕ್ಷರಗಳನ್ನು ಓದಬಲ್ಲೆ, ಎದುರು ಬಂದವರ ಮುಖವನ್ನು ಗುರುತಿಸಬಲ್ಲೆ. ಈಗ ಕ್ಯಾಮೆರಾವನ್ನು ಎಡಗಣ್ಣಿಗೆ ಹಿಡಿಯುತ್ತೇನೆ. ಮೂಗು ಹಿಂಬದಿಗೆ ಒತ್ತಿಕೊಳ್ಳುತ್ತದೆ, ಅದಕ್ಕೂ ಹೊಂದಿಕೊಂಡಿದ್ದೇನೆ. ನೋಟುಬುಕ್ಕಿನ ಕೆಂಪು ಮಸಿಯ ಪುಟದಲ್ಲಿ ಏಳನೆಯ ದೋಷದ ಕೆಳಗೆ ಒಂದು ಗೆರೆ ಎಳೆದು ಎಂಟನೆಯದನ್ನು ಬರೆದೆ: 'ನಡುವಣ ಬಾಗು. ಕ್ಯಾಮೆರಾದ್ದಲ್ಲ, ನೋಡುವವನ ಬಲಗಣ್ಣಿನದು.'

ಈ ಪ್ರಸಂಗದಿಂದ ನಾನು ತಿಳಿದುಕೊಂಡ ಮಾತು ಚಿಕ್ಕದು. ಆ ಕ್ಯಾಮೆರಾ ನಿರ್ದೋಷವಾಗಿದ್ದರೆ ನನಗೆ ಇಷ್ಟು ಉಪಕಾರವಾಗುತ್ತಿರಲಿಲ್ಲ. ಅದರಲ್ಲಿ ದೋಷಗಳಿದ್ದವು, ಆದುದರಿಂದ ಅವುಗಳನ್ನು ಒಂದೊಂದಾಗಿ ಅಳೆದು ಬರೆದಿಟ್ಟುಕೊಳ್ಳಬೇಕಾಯಿತು. ಹಾಗೆ ಬರೆದಿಟ್ಟುಕೊಂಡುದರಿಂದಲೇ ಹೊಸದೊಂದು ವಿಕಾರ ಕಂಡಾಗ 'ಇದು ಇದರದಲ್ಲ' ಎಂದು ನಿಶ್ಚಯವಾಗಿ ಹೇಳಲು ಸಾಧ್ಯವಾಯಿತು. ನೋಡುವ ಸಾಧನದ ದೋಷವನ್ನು ಪೂರ್ತಿಯಾಗಿ ಅರಿತವನಿಗೆ ಮಾತ್ರ ನೋಡುವವನ ದೋಷ ಬೇರೆಯಾಗಿ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಉಪಕರ­ಣದ ದೋಷ, ವೀಕ್ಷಕನ ದೋಷ ಎಂದು ಎರಡು ಶೀರ್ಷಿಕೆಗಳನ್ನು ಮಕ್ಕಳಿಂದ ಬರೆಯಿಸುವ ನಮಗೆ ಇದು ಹೊಸ ಸಂಗತಿಯಲ್ಲ. ಆದರೆ ಎರಡನೆಯ ಶೀರ್ಷಿಕೆಯ ಕೆಳಗೆ ತನ್ನ ಸ್ವಂತ ಕಣ್ಣನ್ನೇ ಬರೆಯಬೇಕಾಗಿ ಬಂದಾಗ ಆ ಪಾಠದ ತೂಕ ಬೇರೆಯಾಗುತ್ತದೆ.

ಐವತ್ತು ದಾಟಿದ ಸಹೋದ್ಯೋಗಿ ಮಿತ್ರರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ವಿನಂತಿ. ವಾರಕ್ಕೊಮ್ಮೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದರಿಂದ ಬಾಗಿಲ ಚೌಕಟ್ಟನ್ನೋ ಕಿಟಕಿಯ ಸರಳನ್ನೋ ನೋಡಿರಿ. ಬಳಿಕ ಕಣ್ಣು ಬದಲಿಸಿರಿ. ಓದುವ ಕನ್ನಡಕವಿದ್ದರೆ ಹಾಕಿಕೊಂಡು ಲೆಕ್ಕದ ಚೌಕುಳಿ ಹಾಳೆಯನ್ನು ನೋಡಿದರೆ ಇನ್ನೂ ಉತ್ತಮ. ಇದಕ್ಕೆ ಕ್ಯಾಮೆರಾ ಬೇಕಿಲ್ಲ, ಹಣ ಬೇಕಿಲ್ಲ, ಅರ್ಧ ನಿಮಿಷ ಸಾಕು. ನೆಟ್ಟಗಿನ ಗೆರೆ ಬಾಗಿ ಕಂಡರೆ ನಾಳೆಗೆ ತಳ್ಳದೆ ಅಂದೇ ವೈದ್ಯರನ್ನು ಕಾಣಿರಿ.

ಕ್ಯಾಮೆರಾದ ವಿಷಯದಲ್ಲಿ ಒಂದು ನಿರ್ಧಾರ ಮಾಡಿದ್ದೇನೆ. ನನ್ನ ಕೈ ನಡುಗತೊಡಗಿದ ದಿನ ಅದನ್ನು ನಮ್ಮ ಶಾಲೆಯ ಪ್ರಯೋಗಶಾಲೆಗೆ ಒಪ್ಪಿಸುವೆ. ನೋಟುಬುಕ್ಕೂ ಅದರೊಡನೆ ಬರುವುದು. ಎಂಟನೆಯ ದೋಷ ಮಾತ್ರ ನನ್ನೊಡನೆ ಉಳಿಯುವುದರಿಂದ ಅದನ್ನು ಹೊಡೆದುಹಾಕಿರಬೇಕು. ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಡಬಾರದು ಎಂಬುದು ನನ್ನ ಒಂದೇ ಕೋರಿಕೆ. ತ್ರಿಕೋನಮಿತಿಯ ಪಾಠ ಬಂದಾಗ ಮಕ್ಕಳು ಅದನ್ನು ಮುಟ್ಟಬೇಕು, ಲೆನ್ಸನ್ನು ತಿರುಗಿಸಬೇಕು, ಎರಡು ಕಂಬಗಳು ಒಂದಾಗುವುದನ್ನು ತಮ್ಮ ಕಣ್ಣಿನಿಂದಲೇ ಕಾಣಬೇಕು. ಅವರಲ್ಲಿ ಯಾರಾದರೂ ಒಂಬತ್ತನೆಯ ದೋಷವನ್ನು ಕಂಡುಹಿಡಿದರೆ ದಿನಾಂಕದೊಡನೆ ಅದೇ ಪುಟದಲ್ಲಿ ಬರೆಯಲಿ. ಜಾಗ ಬಿಟ್ಟಿದ್ದೇನೆ.